ತಂಗಿಹೊಳೆಯ ಎರಡು ಛತ್ರಗಳು

ಎಡಮಲೆ ಘಾಟಿಯನ್ನು ಇಳಿಯುವ ಬಸ್ಸು ಅರ್ಧ ದಾರಿಯಲ್ಲಿ ಒಂದು ಸೇತುವೆಯನ್ನು ದಾಟುತ್ತದೆ. ಅದರ ಕೆಳಗೆ ಹರಿಯುವುದೇ ತಂಗಿಹೊಳೆ. ಮುಗಿಲಮಲೆಯ ನೆತ್ತಿಯಲ್ಲಿ ಹುಟ್ಟಿ, ಬಂಡೆಯಿಂದ ಬಂಡೆಗೆ ಧುಮುಕುತ್ತ ಬಂದ ಹೊಳೆ ಇಲ್ಲಿ ಮಾತ್ರ ತುಸು ಸಮನೆಲ ಕಂಡು ಹರಡಿಕೊಳ್ಳುತ್ತದೆ. ಮತ್ತೆ ಕಮರಿಗೆ ಇಳಿದು ಕಣ್ಮರೆಯಾಗುತ್ತದೆ. ಬೇಸಿಗೆಯಲ್ಲಿ ನೋಡಿದವರು ಇದನ್ನೊಂದು ಹಳ್ಳವೆಂದೇ ತಿಳಿದಾರು. ಹೊಳೆಯ ಈ ದಡಕ್ಕೊಂದು, ಆ ದಡಕ್ಕೊಂದು ಕಲ್ಲಿನ ಛತ್ರ ಎದುರುಬದುರಾಗಿ ನಿಂತಿವೆ. ಎರಡಕ್ಕೂ ಒಂದೇ ಅಳತೆ, ಒಂದೇ ಬಗೆಯ ಗಿಡ್ಡ ಕಂಬಗಳು, ಸುತ್ತ ಒಂದೇ ಎತ್ತರದ ಜಗಲಿ. ಹೆಸರೂ ಒಂದೇ, ತಂಗಿ ಛತ್ರ. ಯಾವುದೆಂದು ಬಿಡಿಸಿ ಹೇಳಬೇಕಾದಾಗ ಸುತ್ತಲಿನವರು ಮೇಲಿನ ತಂಗಿ, ಕೆಳಗಿನ ತಂಗಿ ಎನ್ನುತ್ತಾರೆ. ಪ್ರವಾಸಿಗರನ್ನು ಕರೆತರುವ ಕಾರಿನ ಚಾಲಕರು ಅಣ್ಣನೊಬ್ಬ ತನ್ನ ತಂಗಿಯನ್ನು ಹೊಳೆಗೆ ಬಲಿಕೊಟ್ಟನೆಂದು ಒಂದು ಕಥೆ ಹೇಳುವುದುಂಟು. ಕೇಳಿದವರು ಅಯ್ಯೋ ಪಾಪ ಎಂದು ನಾಲ್ಕು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಘಟ್ಟದ ಹಿರಿಯರು ಈ ಕಥೆಯನ್ನು ಒಪ್ಪುವುದಿಲ್ಲ. ಹೊಳೆಗೆ ಹೋದವನು ಅಣ್ಣ, ಉಳಿದವಳು ತಂಗಿ ಎನ್ನುತ್ತಾರೆ ಅವರು. ಅವರು ಹೇಳುವ ಐತಿಹ್ಯ ಹೀಗಿದೆ.

ಹಿಂದೆ ಒಮ್ಮೆ, ಈ ಘಾಟಿಯಲ್ಲಿ ಗಾಡಿಯ ದಾರಿಯೂ ಇಲ್ಲದ ಕಾಲದಲ್ಲಿ, ಘಟ್ಟದ ಮೇಲಿನ ಅಕ್ಕಿ, ಬೆಲ್ಲ, ಮೆಣಸು ಕಡಲ ಕಡೆಗೆ ಇಳಿಯುತ್ತಿದ್ದುದೂ, ಕಡಲ ಉಪ್ಪು ಘಟ್ಟ ಹತ್ತುತ್ತಿದ್ದುದೂ ಎತ್ತಿನ ಬೆನ್ನಿನ ಮೇಲೆ. ಹೇರು ಹೊತ್ತ ಎತ್ತುಗಳು ಒಂದರ ಹಿಂದೆ ಒಂದು ಸಾಲಾಗಿ, ಕೊರಳ ಗಂಟೆ ಅಲುಗಿಸುತ್ತ, ಕಾಲುದಾರಿಯಲ್ಲಿ ದಿನವಿಡೀ ನಡೆಯುತ್ತಿದ್ದವು. ಆಗ ಈ ಹೊಳೆಯ ಹೆಸರು ಹುಲಿಹೊಳೆ. ಹುಲಿಯಂತೆಯೇ ಇದು ಅಡಗಿ ಕುಳಿತು ಹಾರುತ್ತಿತ್ತು. ಮುಂಗಾರಿನ ಜಡಿಮಳೆಯಲ್ಲಿ ಘಾಟಿಗೆ ಯಾರೂ ಇಳಿಯುತ್ತಿರಲಿಲ್ಲವಾದ್ದರಿಂದ ಆಗಿನ ನೆರೆಯಿಂದ ಯಾರಿಗೂ ಕೇಡಿರಲಿಲ್ಲ. ಕೇಡಿದ್ದದ್ದು ದಸರೆ ಕಳೆದು ದಾರಿ ತೆರೆದ ಮೇಲೆ. ಚಿತ್ತೆ ಸ್ವಾತಿಯ ಮಳೆಗಳು ಮಧ್ಯಾಹ್ನದ ಮೇಲೆ ಮುಗಿಲಮಲೆಯ ನೆತ್ತಿಯ ಮೇಲಷ್ಟೇ ಸುರಿಯುತ್ತಿದ್ದವು. ಕೆಳಗೆ, ದಾಟುವ ಜಾಗದಲ್ಲಿ, ಎಳೆ ಬಿಸಿಲು, ನೀಲಿ ಬಾನು, ಕಣಕಾಲಿನಷ್ಟು ನೀರು. ಹೊಳೆಯ ಅಡ್ಡಕ್ಕೆ ನೀರೊಳಗೆ ಒಂದು ಹಾಸುಬಂಡೆಯಿದೆ. ಎತ್ತೊಂದು ನಡೆಯುವಷ್ಟೇ ಅಗಲ. ಅದರ ಮೇಲೆಯೇ ದಾಟಬೇಕು, ಆಚೀಚೆ ಆಳ. ಬಂಡೆಯ ನಡುವಿನಲ್ಲಿರುವಾಗ ಮೇಲಿನ ನೀರು ಬಂದರೆ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಹಾಗೆ ಹೋದವರು ವರ್ಷಕ್ಕಿಷ್ಟು ಮಂದಿ ಇದ್ದೇ ಇದ್ದರು. ಹುಲಿ ಹಸಿದಿತ್ತು ಎಂದು ಜನ ನಿಟ್ಟುಸಿರು ಬಿಟ್ಟು ಮುಂದೆ ಸಾಗುತ್ತಿದ್ದರು.

ಘಟ್ಟದ ಮೇಲಿನ ಹೊಂಬಳಿಗೆ ಎಂಬ ಊರಿನಲ್ಲಿ ಚೆನ್ನವೀರ ಎಂಬ ಹೇರಿನ ವ್ಯಾಪಾರಿಯಿದ್ದ. ಅವನಿಗೆ ಮಾಳವ್ವ ಎಂಬ ತಂಗಿ. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು. ಮೂಲೆಯಲ್ಲಿ ಕೂತು ಕಣ್ಣೀರು ಹಾಕುವುದು ಅವಳ ಜಾಯಮಾನವಲ್ಲ ಎಂದು ಕಂಡ ಅಣ್ಣ, ಊರಿನವರು ಏನಾದರೂ ಅಂದುಕೊಳ್ಳಲಿ ಎಂದು ಅವಳನ್ನು ತನ್ನ ಹೇರಿನ ಸಾಲಿನೊಂದಿಗೇ ಕರೆದುಕೊಂಡು ಹೊರಟ. ತಂಗುವ ಕಡೆಗಳಲ್ಲಿ ಒಲೆ ಹೂಡಿ ಅಡುಗೆ ಮಾಡುವುದು, ಎತ್ತುಗಳ ಬೆನ್ನುಹುಣ್ಣಿಗೆ ಅರಿಸಿನ ಎಣ್ಣೆ ಹಚ್ಚುವುದು ಅವಳ ಕೆಲಸ. ಅಣ್ಣ ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಬಾಯಿ ತೆರೆದರೆ ತಂಗಿ. ಅದನ್ನು ಕೇಳಿ ಕೇಳಿ ಸಾಲಿನ ಉಳಿದ ಹೇರಿನವರೂ, ಅವಳಿಗಿಂತ ಕಿರಿಯರೂ ಕೂಡ, ತಂಗಿ ಎಂದೇ ಕರೆಯುವ ರೂಢಿಯಾಗಿತ್ತು.

ಒಂದು ವರ್ಷ ದಸರೆಯ ಬೆನ್ನಿಗೇ ಚೆನ್ನವೀರನ ಹೇರು ಘಾಟಿಗೆ ಇಳಿಯಿತು. ಹುಲಿಹೊಳೆಯ ದಡಕ್ಕೆ ಬರುವಾಗ ಬಿಸಿಲು ಇಳಿಮುಖವಾಗಿತ್ತು. ಎತ್ತುಗಳ ಬಾಯಲ್ಲಿ ನೊರೆ. ಮಾಳವ್ವನಿಗೆ ಅಂದು ಯಾವ ಶಕುನವೂ ಕಾಣಲಿಲ್ಲ. ಎತ್ತುಗಳ ದಣಿವನ್ನು ನೋಡಲಾರದೆ, ಈ ದಡದಲ್ಲೇ ಇದ್ದು ಬೆಳಿಗ್ಗೆ ದಾಟೋಣ ಎಂದಳು ಅಷ್ಟೆ. ಚೆನ್ನವೀರ ಸುತ್ತ ಒಮ್ಮೆ ನೋಡಿ ನಕ್ಕ.

"ತಂಗೋಕೆ ಇಲ್ಲೇನಿದೆ ತಂಗಿ? ನೆರಳಿಲ್ಲ, ನೆಲೆಯಿಲ್ಲ. ಆಚೆ ದಾಟಿಬಿಟ್ಟರೆ ಕತ್ತಲಾಗೋದರೊಳಗೆ ಊರು ಸಿಗುತ್ತೆ."

ಅವನು ಸಾಲಿನ ಮುಂದಿನ ಎತ್ತಿನ ಹಗ್ಗವನ್ನು ಕೈಗೆ ಸುತ್ತಿಕೊಂಡು ಬಂಡೆಗೆ ಇಳಿದ. ಹಿಂದೆ ಇನ್ನೂ ಕೆಲವು ಎತ್ತುಗಳು ಇಳಿದವು. ಅವನು ನಡುಹೊಳೆಗೆ ಬರುವಷ್ಟರಲ್ಲಿ ಮೇಲಿನ ತಿರುವಿನಿಂದ ಒಂದು ಸದ್ದು ಬಂತು. ಗಾಳಿ ಎದ್ದಿತೆಂದು ಮಾಳವ್ವ ತಲೆಯೆತ್ತಿ ಮರಗಳನ್ನು ನೋಡಿದಳು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಕಣ್ಣು ಕೆಳಗಿಳಿಸುವುದರೊಳಗೆ ಕೆಂಪು ನೀರು ಮರದ ದಿಮ್ಮಿಗಳನ್ನು ಹೊತ್ತು ಗೋಡೆಯಂತೆ ಬಂದು ಬಡಿಯಿತು. ಕೈಗೆ ಸುತ್ತಿದ ಹಗ್ಗವನ್ನು ಚೆನ್ನವೀರ ಬಿಡಲಿಲ್ಲವೆಂದೂ, ಬಿಟ್ಟಿದ್ದರೆ ಬದುಕುತ್ತಿದ್ದನೋ ಏನೋ ಎಂದೂ ದಡದಲ್ಲಿದ್ದವರು ಆಮೇಲೆ ಹೇಳಿದರು. ಹೊತ್ತು ಮುಳುಗುವಷ್ಟರಲ್ಲಿ ಹೊಳೆ ಮತ್ತೆ ಕಣಕಾಲಿನಷ್ಟಾಗಿತ್ತು. ಮರುದಿನ ಅವನ ದೇಹ ಕೆಳಗಿನ ಕಮರಿಯಲ್ಲಿ ಬೇರಿಗೆ ಸಿಕ್ಕಿಕೊಂಡಿದ್ದು ಕಂಡಿತು. ಮೇಲಿನ ದಡದಲ್ಲೇ ಸಮಾಧಿ ಮಾಡಿ, ಗುರುತಿಗೆ ಒಂದು ಕಲ್ಲು ನಿಲ್ಲಿಸಿದರು.

ಹೊಂಬಳಿಗೆಯಿಂದ ದಾಯಾದಿಗಳು ಬಂದು ಮಾಳವ್ವನನ್ನು ಊರಿಗೆ ಕರೆದರು. ಅವಳು ಹೋಗಲಿಲ್ಲ. ಅಣ್ಣನ ಕಲ್ಲಿನ ಹತ್ತಿರ ಕುಳಿತವಳು ಏಳಲಿಲ್ಲ. ಹುಚ್ಚು ಇಳಿದ ಮೇಲೆ ಬರುತ್ತಾಳೆಂದು ಅವರು ಹೊರಟುಹೋದರು. ಅದು ಹುಚ್ಚಾಗಿರಲಿಲ್ಲ. ತಾನು ಹೇಗೆ ಈ ದಡದಲ್ಲಿ ನಿಂತು ನೋಡಿದೆನೋ ಹಾಗೆ ಇನ್ನೊಂದು ಮನೆಯವರು ನಿಂತು ನೋಡಬಾರದು ಎಂಬ ಒಂದೇ ಮಾತು ಅವಳೊಳಗೆ ಗಟ್ಟಿಯಾಗಿ ಕೂತಿತ್ತು. ಮಧ್ಯಾಹ್ನದ ಮೇಲೆ ಯಾವ ಹೇರು ಬಂದರೂ ಎದುರು ಹೋಗಿ, ಈಗ ಇಳಿಯಬೇಡಿ, ನೀರು ಬರುತ್ತದೆ ಎಂದು ಗೋಗರೆಯುತ್ತಿದ್ದಳು. ಕೆದರಿದ ತಲೆಯ ಹೆಂಗಸೊಬ್ಬಳು ಕೂಗಿಕೊಂಡರೆ ಯಾರು ಕೇಳಿಯಾರು? ಕೆಲವರು ಕನಿಕರದಿಂದ ಒಂದು ಹಿಡಿ ಅವಲಕ್ಕಿ ಕೊಟ್ಟು ದಾಟಿದರು. ಕೆಲವರು ಅಪಶಕುನವೆಂದು ಬೈದು ದಾಟಿದರು. ಎಲ್ಲರೂ ದಾಟಿದರು. ಆ ತಿಂಗಳಲ್ಲೇ ಇನ್ನೊಬ್ಬ ಹೋದ; ಎಳೆಯ ಪ್ರಾಯದವನು, ಉಪ್ಪು ತರಲು ಮೊದಲ ಸಲ ಹೊರಟವನು. ಅಂದು ಮಾಳವ್ವ ಅತ್ತು ಮುಗಿಸಿ ಅಣ್ಣನ ಕಲ್ಲಿಗೊರಗಿ ಕೂತಾಗ ಅಣ್ಣನ ಕೊನೆಯ ಮಾತು ನೆನಪಾಯಿತಂತೆ. ನೀರಿನ ಭಯ ಅವನಿಗೂ ಇತ್ತು. ನಿಲ್ಲಲು ಜಾಗ ಇರಲಿಲ್ಲ. ಹೆದರಿಸಿ ಯಾರನ್ನೂ ನಿಲ್ಲಿಸಲಾಗದು. ನಿಲ್ಲು ಎನ್ನುವವರು ನೆರಳು ಕೊಡಬೇಕು.

ಮರುದಿನವೇ ಅವಳು ಸೊಂಟ ಕಟ್ಟಿದಳು. ಮಲೆಯೊಳಗಿನ ಕೇರಿಯ ಪುತ್ತವ್ವ ಎಂಬ ಮುದುಕಿ, ಸುತ್ತಲಿನ ಹಾಡಿಗಳಿಗೆಲ್ಲ ಸೂಲಗಿತ್ತಿಯಾಗಿದ್ದವಳು, ಗೆಡ್ಡೆಗೆಣಸು ಅಗೆಯಲು ಬಂದಾಗಲೆಲ್ಲ ಇವಳಿಗೂ ಒಂದಷ್ಟು ಕೊಟ್ಟುಹೋಗುತ್ತಿದ್ದಳು. ಆ ಮುದುಕಿ ಬಿದಿರು ಕಡಿಯುವುದನ್ನು ಕಲಿಸಿದಳು. ಮಾಳವ್ವ ಕಡಿದಳು, ಹೊತ್ತಳು, ಹುಲ್ಲು ಹೊದೆಸಿದಳು. ಗೋಡೆಯಿಲ್ಲದ ಉದ್ದನೆಯ ಚಪ್ಪರವೊಂದು ಮೇಲಿನ ದಡದಲ್ಲಿ ಎದ್ದಿತು. ಎತ್ತು ಕಟ್ಟಲು ಗೂಟ, ಹಂಡೆಯಲ್ಲಿ ನೀರು, ಒಲೆಯ ಮೇಲೆ ಸದಾ ಗಂಜಿ. ಮೊದಲಿನಂತೆ ಅವಳು ಎದುರು ಓಡಲಿಲ್ಲ, ನೀರಿನ ಮಾತನ್ನೇ ಆಡಲಿಲ್ಲ. ಚಪ್ಪರದ ಮುಂದೆ ನಿಂತು ದಾರಿಯವರಿಗೆ ಒಂದೇ ಮಾತು ಹೇಳುತ್ತಿದ್ದಳು: "ತಂಗಿ ಹೋಗಿ."

ದಣಿದ ಎತ್ತು ಗೂಟ ಕಂಡರೆ ತಾನೇ ನಿಲ್ಲುತ್ತದೆ. ಗಂಜಿಯ ವಾಸನೆಗೆ ಮನುಷ್ಯನೂ ನಿಂತ. ಕೂತವನಿಗೆ ಏಳಲು ಮನಸ್ಸಾಗಲಿಲ್ಲ, ಬೆಳಿಗ್ಗೆ ಎದ್ದು ದಾಟಿದ. ಬರಬರುತ್ತ ಹೇರಿನವರೇ ಒಂದು ಚೀಲ ಅಕ್ಕಿಯನ್ನೋ ಬೆಲ್ಲದ ಅಚ್ಚನ್ನೋ ಅವಳಿಗೆ ಬಿಟ್ಟುಹೋಗತೊಡಗಿದರು. ಹಾಗೆಂದು ಎಲ್ಲವೂ ಸುಗಮವಾಗಿತ್ತೆಂದಲ್ಲ. ತಂಗಿದ ದಿನಗಳಲ್ಲಿ ಹೆಚ್ಚಿನ ದಿನ ನೀರು ಬರುತ್ತಲೇ ಇರಲಿಲ್ಲ. ಸಂತೆ ತಪ್ಪಿತೆಂದು ಗೊಣಗುವವರಿದ್ದರು. ಬರದ ನೀರಿಗೆ ಕಾಯಿಸಿದಳೆಂದು ಮುಖದ ಮೇಲೆ ಹೇಳಿ ಹೋದವರಿದ್ದರು. ಮಾಳವ್ವ ವಾದಿಸಲಿಲ್ಲ. ನೀರು ಬಾರದಿದ್ದರೆ ಒಳ್ಳೆಯದೇ ಆಯಿತಲ್ಲ ಎಂದು ಇನ್ನಷ್ಟು ಗಂಜಿ ಬಡಿಸುತ್ತಿದ್ದಳು. ಅವಳ ಚಪ್ಪರದಲ್ಲಿ ತಂಗಿದವನೊಬ್ಬನೂ ಹೊಳೆಗೆ ಹೋಗಲಿಲ್ಲ ಎಂಬುದನ್ನು ಅವಳು ಹೇಳದಿದ್ದರೂ ದಾರಿಯೇ ಹೇಳುತ್ತಿತ್ತು.

ಆ ಕಾಲಕ್ಕೆ ಈ ಘಾಟಿ ಕಡಲಂಚಿನ ಸಿಂಗಾಣಿ ಕೋಟೆಯ ಬೈರನಾಯಕನಿಗೆ ಸೇರಿತ್ತು. ದಾರಿಯ ಕಾವಲಿಗೆ ಅವನು ಇಟ್ಟಿದ್ದ ಗುರಿಕಾರ ಸಾಂತಪ್ಪ ನಿಯಮದ ಮನುಷ್ಯ. ಅಪ್ಪಣೆಯಿಲ್ಲದೆ ಘಾಟಿಯಲ್ಲಿ ಯಾರೂ ಸೂರು ಕಟ್ಟಬಾರದು, ಶತ್ರುವಿನ ಬೇಹಿನವರು ಅಡಗಲು ಅದು ದಾರಿಯಾಗುತ್ತದೆ ಎಂಬುದು ಕೋಟೆಯ ಕಟ್ಟಳೆ. ಅವನು ಮಾಳವ್ವನಿಗೆ ಒಮ್ಮೆ ಹೇಳಿದ, ಎರಡನೆಯ ಸಲ ಗದರಿಸಿದ, ಆಮೇಲೆ ಬಂದು ಒಳಗಿದ್ದವರನ್ನು ಹೊರಗೆ ಕಳಿಸಿ ಚಪ್ಪರಕ್ಕೆ ಬೆಂಕಿ ಇಟ್ಟ. ಬೂದಿ ಆರುವ ಮೊದಲೇ ಅವಳು ಬಿದಿರಿಗೆ ಹೋದಳು. ಮುಂದಿನ ಗಸ್ತಿಗೆ ಬಂದಾಗ ಚಪ್ಪರ ಎದ್ದಿತ್ತು. ಅವನು ಮತ್ತೆ ಸುಟ್ಟ. ಅವಳು ಮತ್ತೆ ಕಟ್ಟಿದಳು. ಈ ಸಲ ಮೇಲಿನಿಂದ ಬರುವ ಹೇರಿನವರು ಒಬ್ಬೊಬ್ಬರು ಒಂದೊಂದು ಹೊರೆ ಹುಲ್ಲನ್ನು ಎತ್ತಿನ ಮೇಲೆ ಹೇರಿಕೊಂಡೇ ಬಂದಿದ್ದರು. ಸಾಂತಪ್ಪನಿಗೆ ಸಿಟ್ಟಿಗಿಂತ ಹೆಚ್ಚಾಗಿ ಬೇಸರ ಬಂತು. ಅವನು ಕೆಟ್ಟವನಲ್ಲ, ಸುಡುವ ಕೆಲಸ ಅವನಿಗೂ ಸಾಕಾಗಿತ್ತು.

"ನೀನು ಕಟ್ಟೋದು, ನಾನು ಸುಡೋದು, ಇದು ಎಲ್ಲಿವರೆಗೆ ಅಮ್ಮಾ?" ಎಂದ.

"ನಿಮಗೆ ಬೇರೆ ಕೆಲಸಗಳಿವೆ ಗುರಿಕಾರರೇ. ನನಗಿರೋದು ಇದೊಂದೇ" ಎಂದಳು ಮಾಳವ್ವ, ಹುಲ್ಲು ಹೊದೆಸುವ ಕೈಯನ್ನು ನಿಲ್ಲಿಸದೆ.

ಹೀಗೆ ಕೆಲವು ವರ್ಷಗಳು ಹೋದವು. ಒಂದು ವರ್ಷ ಚಿತ್ತೆ ಮಳೆಯ ದಿನಗಳಲ್ಲಿ ಬೈರನಾಯಕನೇ ಘಾಟಿಗೆ ಬಂದ. ಅವನ ಮಗಳು ದೇವಾಜಿಯನ್ನು ಘಟ್ಟದ ಮೇಲಿನ ಸಂಸ್ಥಾನಕ್ಕೆ ಕೊಟ್ಟಿತ್ತು. ಚೊಚ್ಚಲ ಬಸುರಿ. ಮಳೆಗಾಲ ತಡವಾಗಿ ಬಿಟ್ಟದ್ದರಿಂದ ಅವಳನ್ನು ತವರಿಗೆ ಕರೆತರುವುದು ತಡವಾಗಿತ್ತು. ದಿನ ತುಂಬುತ್ತ ಬಂದಿತ್ತು. ಬೇಗ ಕೋಟೆ ಸೇರಬೇಕೆಂಬ ಆತುರದಲ್ಲಿ ನಾಯಕ ಪಲ್ಲಕ್ಕಿಯ ಬೋಯಿಗಳನ್ನು ದಣಿಯಗೊಡದೆ ನಡೆಸಿಕೊಂಡು ಬರುತ್ತಿದ್ದ. ಗುರಿಕಾರ ಸಾಂತಪ್ಪ ಮುಂದೆ ದಾರಿ ಬಿಡಿಸುತ್ತಿದ್ದ. ಹೊಳೆಯ ಹತ್ತಿರ ಬಂದಾಗ ಮಧ್ಯಾಹ್ನ ಕಳೆದಿತ್ತು. ಬಾನಿನಲ್ಲಿ ಅಂಗೈಯಗಲದ ಮೋಡವೂ ಇರಲಿಲ್ಲ.

ಮಾಳವ್ವ ಚಪ್ಪರದಿಂದ ಹೊರಬಂದು ಎಂದಿನಂತೆ ತಂಗಿ ಹೋಗಿ ಎಂದಳು. ನಾಯಕ ತಿರುಗಿಯೂ ನೋಡಲಿಲ್ಲ. ಪಲ್ಲಕ್ಕಿ ದಡದ ಇಳಿಜಾರಿನತ್ತ ಹೊರಳಿತು. ಪರದೆಯ ಸಂದಿನಿಂದ ಕಂಡ ಎಳೆಯ ಮುಖವನ್ನು ನೋಡಿದ ಮಾಳವ್ವ, ಸೆರಗನ್ನು ಸೊಂಟಕ್ಕೆ ಬಿಗಿದು, ಎಲ್ಲರಿಗಿಂತ ಮೊದಲು ನೀರಿಗೆ ಇಳಿದು, ಹಾಸುಬಂಡೆಯ ಮೇಲೆ ನಡೆದು ನಡುಹೊಳೆಯಲ್ಲಿ ದಾರಿಗೆ ಅಡ್ಡವಾಗಿ ನಿಂತುಬಿಟ್ಟಳು. ಒಬ್ಬರೇ ನಡೆಯುವ ಬಂಡೆ. ಅವಳನ್ನು ಸರಿಸದೆ ಪಲ್ಲಕ್ಕಿ ಹೋಗುವಂತಿಲ್ಲ. ಸಾಂತಪ್ಪನ ಆಳುಗಳು ಮುನ್ನುಗ್ಗಿದರು. ಹೆರಿಗೆಗೆ ಹೊರಟ ಮಗಳ ಕಣ್ಣೆದುರು ಹೆಣ್ಣೊಬ್ಬಳ ಮೈಮೇಲೆ ಕೈಮಾಡಿಸಲು ನಾಯಕನಿಗೆ ಮನಸ್ಸು ಬರಲಿಲ್ಲ. ಅವರನ್ನು ತಡೆದು, ನಿನಗೆ ಬೇಕಾದದ್ದೇನು ಎಂದು ದಡದಿಂದಲೇ ಕೇಳಿದ.

"ನನಗೇನೂ ಬೇಡ ಒಡೆಯರೇ" ಎಂದಳು ಮಾಳವ್ವ. "ಹೊತ್ತು ಮುಳುಗುವ ತನಕ ನಾನು ಇಲ್ಲಿ ನಿಲ್ಲುತ್ತೇನೆ. ನೀರು ಬಂದರೆ ನನ್ನೊಬ್ಬಳನ್ನು ಒಯ್ಯಲಿ, ನೀವು ಉಳಿಯುತ್ತೀರಿ. ಬಾರದೆ ಹೋದರೆ ನಾನು ಸುಳ್ಳಿ. ಮತ್ತೆ ನೀವು ನಿಂತಿರುವ ಆ ದಡದಲ್ಲಿ ಕಾಲಿಡುವುದಿಲ್ಲ. ಚಪ್ಪರ ಸುಟ್ಟುಬಿಡಿ."

ನಾಯಕ ಏನೆನ್ನುತ್ತಿದ್ದನೋ, ಅಷ್ಟರಲ್ಲಿ ಪರದೆ ಸರಿಯಿತು. ದೇವಾಜಿ ತನಗೆ ಸೊಂಟ ನೋಯುತ್ತಿದೆಯೆಂದೂ, ಆ ನೆರಳಿನಲ್ಲಿ ಸ್ವಲ್ಪ ಒರಗಬೇಕೆಂದೂ ತಂದೆಗೆ ಹೇಳಿದಳು. ಮಗಳ ಮಾತಿಗೆ ನಾಯಕ ಸೋತ. ಹೊತ್ತು ಮುಳುಗಿದ ಮೇಲೆ ಪಂಜು ಹಿಡಿದು ದಾಟಿದರಾಯಿತು, ಈ ಹೆಂಗಸಿನ ಕಾಟವೂ ತೀರುತ್ತದೆ ಎಂದುಕೊಂಡು ಪಲ್ಲಕ್ಕಿಯನ್ನು ಚಪ್ಪರಕ್ಕೆ ಇಳಿಸಿದ.

ಮಾಳವ್ವ ನಿಂತಳು. ನೀರು ಮಲೆಯ ನೀರು. ಮೊದಲು ಕಾಲು ಕೊರೆಯಿತು, ಆಮೇಲೆ ಕಾಲಿರುವುದೇ ಮರೆತುಹೋಯಿತು. ಅವಳು ಮೇಲಿನ ತಿರುವಿನತ್ತಲೇ ಮುಖ ಮಾಡಿದ್ದಳು. ಅಣ್ಣ ನಿಂತಿದ್ದ ಜಾಗವೂ ಇದೇ, ನಡುಬಂಡೆ. ಆ ದಿನದಿಂದ ಈ ಬಂಡೆಯ ಮೇಲೆ ಅವಳು ಕಾಲಿಟ್ಟಿರಲಿಲ್ಲ. ಹೊತ್ತು ಇಳಿಯುತ್ತ ಹೋಯಿತು. ದಡದ ಆಳುಗಳು ಮೊದಲು ಪಿಸುಗುಟ್ಟಿದರು, ಆಮೇಲೆ ನಕ್ಕರು. ಬಾನು ತೊಳೆದಿಟ್ಟಂತೆ ಇತ್ತು. ಇಷ್ಟು ವರ್ಷ ಕಟ್ಟಿದ್ದೆಲ್ಲ ಇವತ್ತು ಹೋಗುತ್ತದೆ ಎಂದು ಅವಳಿಗೆ ಅನ್ನಿಸಿತು. ಆಗ ಅವಳ ಮನಸ್ಸು ತನಗೇ ತಿಳಿಯದಂತೆ ಬೇಡಿಕೊಂಡಿತು: ಬಾ, ಒಮ್ಮೆ ಬಂದುಬಿಡು, ಇವರೆಲ್ಲ ನೋಡಲಿ. ಬೇಡಿಕೊಂಡದ್ದು ಅರಿವಿಗೆ ಬಂದೊಡನೆ ಅವಳ ಮೈ ನೀರಿನ ಚಳಿಗಿಂತ ಹೆಚ್ಚು ನಡುಗಿತಂತೆ. ಅಣ್ಣನನ್ನು ತಿಂದ ನೀರನ್ನು ತಾನೇ ಕರೆದಳೇ? ತಾನು ಗೆಲ್ಲುವುದಕ್ಕಾಗಿ ಹೊಳೆ ಬರಬೇಕೇ? ಯಾರೂ ಹೋಗಬಾರದೆಂದಲ್ಲವೇ ಚಪ್ಪರ ಕಟ್ಟಿದ್ದು? ಅವಳು ಎರಡೂ ಕೈಗಳನ್ನು ಜೋಡಿಸಿ ಮುಗಿಲಮಲೆಯತ್ತ ತಿರುಗಿ, ಬರಬೇಡ ಎಂದಳು. ನಾನು ಸೋಲುತ್ತೇನೆ, ನೀನು ಬರಬೇಡ. ಅದಾದ ಮೇಲೆ ಅವಳಿಗೆ ಭಯವಿರಲಿಲ್ಲ. ಸೋಲುವುದಕ್ಕೆ ಸಿದ್ಧಳಾಗಿ ಅಲುಗದೆ ನಿಂತಳು.

ಇತ್ತ ಚಪ್ಪರದಲ್ಲಿ ದೇವಾಜಿಯ ಸೊಂಟನೋವು ಬರಿಯ ದಾರಿಯ ನೋವಾಗಿರಲಿಲ್ಲ. ಗಂಜಿ ಕುಡಿದು ಒರಗಿದವಳಿಗೆ ಬೇನೆ ಏರಿತು. ಜೊತೆಯಲ್ಲಿ ಬಂದಿದ್ದ ದಾಸಿಯರು ಕೈಕೈ ಹಿಸುಕಿಕೊಂಡರು. ಹೆರಿಗೆಗೆ ಎಂದು ಕೋಟೆಯಲ್ಲಿ ಸಿದ್ಧಪಡಿಸಿದ್ದ ಕೋಣೆ, ಹೇಳಿಕಳಿಸಿದ್ದ ಸೂಲಗಿತ್ತಿಯರು, ಎಲ್ಲವೂ ದೂರದ ಕಡಲಂಚಿನಲ್ಲಿ ಉಳಿದಿದ್ದವು. ಹೊಳೆಯ ಆಚೆ ಇರುವುದು ಕತ್ತಲೆಯಂಥ ಕಾಡು, ಕಡಿದಾದ ಇಳಿಜಾರು. ದಾಟಿದ್ದರೆ ಬೋಯಿಗಳ ಹೆಗಲ ಮೇಲೆ, ಆ ಇಳಿಜಾರಿನಲ್ಲಿ, ಬೇನೆ ತಗುಲುತ್ತಿತ್ತು. ಇಲ್ಲಿ ಒಲೆಯಿತ್ತು, ಬಿಸಿನೀರಿತ್ತು, ಒಣಹುಲ್ಲಿನ ಹಾಸಿಗೆಯಿತ್ತು. ಸದ್ದು ಕೇಳಿ ಬಂದ ಪುತ್ತವ್ವ ಇದ್ದಳು. ಮುದುಕಿ ಗಂಡಸರನ್ನೆಲ್ಲ ಹೊರಗೆ ಅಟ್ಟಿದಳು, ನಾಯಕನನ್ನೂ ಸೇರಿಸಿ. ಮಗು ಅಡ್ಡ ತಿರುಗಿತ್ತು ಎನ್ನುತ್ತಾರೆ. ಬೈರನಾಯಕ ದಡದ ಕಲ್ಲಿನ ಮೇಲೆ ಕೂತು, ಒಮ್ಮೆ ಚಪ್ಪರದತ್ತ, ಒಮ್ಮೆ ನೀರಿನಲ್ಲಿ ನಿಂತ ಹೆಂಗಸಿನತ್ತ ನೋಡುತ್ತಿದ್ದ. ಅವಳನ್ನು ಕಂಡು ನಗುವವರು ಈಗ ಯಾರೂ ಇರಲಿಲ್ಲ.

ಹೊತ್ತು ಮುಳುಗಿತು. ಹೊಳೆ ಬರಲಿಲ್ಲ. ದೀಪ ಹಚ್ಚುವ ಆ ಹೊತ್ತಿಗೆ ಸರಿಯಾಗಿ ಚಪ್ಪರದೊಳಗಿಂದ ಹಸುಗೂಸಿನ ಅಳು ಕೇಳಿತು. ಹೆಣ್ಣುಮಗು, ತಾಯಿ ಮಗು ಕ್ಷೇಮ ಎಂದು ಪುತ್ತವ್ವ ಹೊರಗೆ ಬಂದು ಹೇಳಿದಳು. ನಾಯಕ ಎದ್ದು ನೀರಿನ ಅಂಚಿಗೆ ಓಡಿಬಂದ. ಅಷ್ಟರಲ್ಲಿ ಮಾಳವ್ವ ಮರಗಟ್ಟಿದ ಕಾಲುಗಳನ್ನು ಎಳೆದುಕೊಂಡು ಹೊಳೆಯಿಂದ ಹೊರಬಂದಿದ್ದಳು. ಆದರೆ ಚಪ್ಪರವಿದ್ದ ಈ ದಡಕ್ಕಲ್ಲ, ಆಚೆಯ ದಡಕ್ಕೆ. ಉಟ್ಟ ಒದ್ದೆ ಸೀರೆಯ ಹೊರತು ಅವಳದೆಂಬುದೆಲ್ಲ ಇತ್ತ ಉಳಿದಿತ್ತು. ನಾಯಕ ಕೈಬೀಸಿ ಕರೆದ. ತನ್ನ ಮಗಳನ್ನೂ ಮೊಮ್ಮಗಳನ್ನೂ ಉಳಿಸಿದ್ದು ನಿನ್ನ ಸೂರು, ಇನ್ನು ಅದನ್ನು ಸುಡುವವರು ಯಾರೂ ಇಲ್ಲ, ಹಿಂದಕ್ಕೆ ಬಾ ಎಂದ.

"ಹೊಳೆ ಬರಲಿಲ್ಲ ಒಡೆಯರೇ" ಎಂದು ಆ ದಡದಿಂದ ಮಾಳವ್ವ ಹೇಳಿದಳು. "ಕಾಲಿಡುವುದಿಲ್ಲ ಅಂದಿದ್ದೇನೆ. ಮಾತು ಮಾತೇ. ಮಗೂಗೆ ಗಾಳಿ ತಾಗದ ಹಾಗೆ ನೋಡಿಕೊಳ್ಳಿ."

ಅಷ್ಟು ಹೇಳಿ ಅವಳು ಆ ದಡದ ಮರವೊಂದರ ಬುಡಕ್ಕೆ ಹೋಗಿ ಕೂತಳು. ಅಣ್ಣನ ಕಲ್ಲು ಈ ದಡದಲ್ಲಿದೆ, ಇನ್ನು ಅದನ್ನು ಮುಟ್ಟಲಾಗುವುದಿಲ್ಲ ಎಂಬುದು ಅವಳಿಗೆ ಹೊಳೆದದ್ದು ಆಗಲೇ ಇರಬೇಕು. ಆದರೂ ಅವಳು ಹಿಂದಕ್ಕೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಗುರಿಕಾರ ಸಾಂತಪ್ಪ ಬಿದಿರಿನ ಹೊರೆಯೊಂದನ್ನು ಹೆಗಲಿಗೇರಿಸಿ ಹೊಳೆ ದಾಟಿದ. ಮಾಳವ್ವ ಆಗಲೇ ನೆಲ ಹಸನು ಮಾಡುತ್ತಿದ್ದಳು. ಕಡಲ ಕಡೆಯಿಂದ ಮೇಲೆ ಬರುವವರಿಗೂ ತಂಗಲು ಜಾಗ ಬೇಡವೇ ಎಂದಳಂತೆ. ಇಷ್ಟು ದಿನ ತನಗೇಕೆ ಅದು ತೋಚಲಿಲ್ಲವೋ ಎಂದಳಂತೆ. ಸಾಂತಪ್ಪ ಗುಂಡಿ ತೋಡಿದ. ಸುಟ್ಟ ಕೈಯೇ ಕಟ್ಟಿತು ಎಂದು ಇಂದಿಗೂ ಘಟ್ಟದವರು ಹೇಳುವ ಮಾತು ಅಲ್ಲಿಂದ ಬಂದದ್ದು. ಹಸಿ ಬಾಣಂತಿಯನ್ನು ಕದಲಿಸುವಂತಿರಲಿಲ್ಲವಾದ್ದರಿಂದ ನಾಯಕನ ಪರಿವಾರವೆಲ್ಲ ಪುರುಡು ಕಳೆಯುವವರೆಗೆ ಮೇಲಿನ ಚಪ್ಪರದಲ್ಲೇ ಇರಬೇಕಾಯಿತು. ಆ ದಿನಗಳಲ್ಲೊಂದು ಮಧ್ಯಾಹ್ನ, ಬಿಸಿಲು ಇದ್ದಂತೆಯೇ, ಹೊಳೆ ಬಂತು. ಅಂಗಳದಲ್ಲಿ ಕೂತಿದ್ದ ಬೈರನಾಯಕ ಹಾಸುಬಂಡೆ ಕಣ್ಣೆದುರೇ ಮಾಯವಾದದ್ದನ್ನೂ, ಹೆಮ್ಮರವೊಂದು ಕಡ್ಡಿಯಂತೆ ತಿರುಗುತ್ತ ಹೋದದ್ದನ್ನೂ ನೋಡಿದ. ಸಂಜೆಗೆ ಕಲ್ಲುಕುಟಿಗರಿಗೆ ಹೇಳಿಕಳಿಸಿದ.

ಮುಂದಿನ ಬೇಸಿಗೆಗೆ ಮೇಲಿನ ದಡದ ಛತ್ರ ಎದ್ದಿತು. ಕೀಲಿಯನ್ನು ಮಾಳವ್ವನಿಗೆ ಕೊಡಲೆಂದು ನಾಯಕನೇ ಬಂದ. ಅವಳು ಆ ದಡದಿಂದಲೇ ಕೈಮುಗಿದು, ಛತ್ರಕ್ಕೆ ಬಾಗಿಲೇಕೆ, ಬಾಗಿಲಿಲ್ಲದಿದ್ದರೆ ಕೀಲಿಯೂ ಬೇಡ ಎಂದಳು. ತಾನು ಬರುವುದಿಲ್ಲವೆಂಬುದನ್ನಂತೂ ಮತ್ತೆ ಹೇಳಲೇ ಇಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ನಾಯಕ ಬಾಗಿಲು ಕೀಳಿಸಿದ. ಅವಳು ಹುಲ್ಲಿನ ಸೂರಿನಲ್ಲಿರುವಾಗ ಎದುರಿನಲ್ಲಿ ಕಲ್ಲಿನ ಛತ್ರ ಬರಿದಾಗಿ ನಿಂತಿದ್ದರೆ ನೋಡುವವರು ನಕ್ಕಾರೆಂದು, ಅದೇ ಅಳತೆಯಲ್ಲಿ, ಅದೇ ಕುಟಿಗರಿಂದ ಕೆಳಗಿನ ದಡದಲ್ಲೂ ಒಂದನ್ನು ಕಟ್ಟಿಸಿದ. ಮೇಲಿನದನ್ನು ಪುತ್ತವ್ವನ ಕಡೆಯವರು ನೋಡಿಕೊಂಡರು, ಕೆಳಗಿನದನ್ನು ಮಾಳವ್ವ. ಮೊಮ್ಮಗಳಿಗೆ ಪದುಮಾಜಿ ಎಂದು ಹೆಸರಿಟ್ಟಿದ್ದ ನಾಯಕ, ಹೊಳೆಗೆ ಪದುಮಾನದಿ ಎಂದೂ ಛತ್ರಗಳಿಗೆ ಪದುಮಾಜಿಯ ಛತ್ರವೆಂದೂ ಹೆಸರು ಕೊಟ್ಟು ಕಲ್ಲಿನಲ್ಲಿ ಬರೆಸಿದ. ದಾರಿಯವರ ನಾಲಿಗೆಗೆ ಆ ಹೆಸರು ಹತ್ತಲಿಲ್ಲ. ಅವರಿಗೆ ಗೊತ್ತಿದ್ದದ್ದು ಎರಡೂ ದಡಗಳಲ್ಲಿ ಕೇಳುವ ತಂಗಿ ಹೋಗಿ ಎಂಬ ಕರೆ, ಮತ್ತು ಆ ಕರೆ ಮೊದಲು ಕೂಗಿದ ತಂಗಿ. ತಂಗಿ ಛತ್ರದಲ್ಲಿ ತಂಗೋಣ, ತಂಗಿಯ ಹೊಳೆಯನ್ನು ಬೆಳಿಗ್ಗೆ ದಾಟೋಣ ಎನ್ನುತ್ತ ಎನ್ನುತ್ತ ಹುಲಿಹೊಳೆ ತಂಗಿಹೊಳೆಯಾಯಿತು. ಅವಳ ತಲೆ ಹಣ್ಣಾಗಿ, ಬೆನ್ನು ಬಾಗಿದ ಮೇಲೂ, ಮೊಮ್ಮಕ್ಕಳ ಪ್ರಾಯದ ಹುಡುಗರು ಎತ್ತಿನ ಹಗ್ಗ ಹಿಡಿದು ಬಂದು, ತಂಗೀ, ಗಂಜಿ ಇದೆಯಾ ಎಂದೇ ಕೇಳುತ್ತಿದ್ದರಂತೆ.

ಅವಳು ಬಹುಕಾಲ ಬದುಕಿದಳು. ಸಂಜೆಯ ಹೊತ್ತು ಕೆಳಗಿನ ಛತ್ರದ ಜಗಲಿಯಲ್ಲಿ ಎದುರು ದಡದ ಕಲ್ಲಿಗೆ ಮುಖಮಾಡಿ ಕೂರುತ್ತಿದ್ದಳು. ಮೇಲೆ ಹೋಗುವವರ ಕೈಯಲ್ಲಿ ಒಂದು ಹಿಡಿ ಹೂವು ಕೊಟ್ಟು ಅಣ್ಣನ ಕಲ್ಲಿಗೆ ಹಾಕಿರೆಂದು ಹೇಳುತ್ತಿದ್ದಳೇ ಹೊರತು ತಾನು ಹೋಗಲಿಲ್ಲ. ಅವಳು ತೀರಿಕೊಂಡಾಗ ಅವಳನ್ನು ಎಲ್ಲಿ ಮಣ್ಣು ಮಾಡುವುದೆಂಬ ಪ್ರಶ್ನೆ ಬಂತು. ಅಣ್ಣನ ಪಕ್ಕದಲ್ಲಿ ಇರಿಸಬೇಕೆಂದು ಎಲ್ಲರಿಗೂ ಆಸೆ. ಬದುಕಿರುವಾಗ ಮುರಿಯದ ಮಾತನ್ನು ಸತ್ತ ಮೇಲೆ ನಾವು ಮುರಿಸುವುದೇ ಎಂದು ಎಲ್ಲರಿಗೂ ಅಳುಕು. ನಡೆಯಲಾಗದಷ್ಟು ಮುದುಕನಾಗಿದ್ದ ಸಾಂತಪ್ಪನನ್ನು ಎತ್ತಿನ ಮೇಲೆ ಕೂರಿಸಿಕೊಂಡು ಬಂದಿದ್ದರು. ಅವನು ಹೇಳಿದ:

"ಕಾಲಿಡೋದಿಲ್ಲ ಅಂದಿದ್ದು ತಂಗಿ. ನಾವು ಹೊತ್ತುಕೊಂಡು ಹೋದರೆ ಅವಳ ಕಾಲು ಎಲ್ಲಿ ನೆಲಕ್ಕೆ ತಾಗುತ್ತೆ?"

ಹೇರಿನವರು ಹೆಗಲು ಕೊಟ್ಟರು. ಆದರೆ ಆಗ ಮಧ್ಯಾಹ್ನ ಕಳೆದಿತ್ತು. ಅವಳನ್ನು ಹೊತ್ತವರು ಅವಳ ನೇಮವನ್ನು ಮೀರುವಂತಿರಲಿಲ್ಲ. ಕೆಳಗಿನ ಛತ್ರದ ಜಗಲಿಯ ಮೇಲೆ ಅವಳನ್ನು ಇಳಿಸಿ, ಎಲ್ಲರೂ ಸುತ್ತ ಕೂತು, ಆ ರಾತ್ರಿ ಅಲ್ಲೇ ತಂಗಿ, ಬೆಳಗಾದ ಮೇಲೆ ಹೊಳೆ ದಾಟಿಸಿದರು.

ಮೇಲಿನ ಛತ್ರದ ಹಿಂದೆ ಈಗಲೂ ಎರಡು ಗುರುತುಗಲ್ಲುಗಳು ಅಕ್ಕಪಕ್ಕದಲ್ಲಿವೆ. ಒಂದಕ್ಕೆ ಪಾಚಿ ಹೆಚ್ಚು, ಇನ್ನೊಂದು ತುಸು ವಾಲಿದೆ. ಸೇತುವೆಯಾದ ಮೇಲೆ ಹೊಳೆಗೆ ಕಾಯುವ ಅಗತ್ಯ ಯಾರಿಗೂ ಇಲ್ಲ. ಬೇಸಿಗೆಯಲ್ಲಿ ಸೇತುವೆಯಿಂದ ಬಗ್ಗಿ ನೋಡಿದರೆ ಹಾಸುಬಂಡೆ ಕಾಣುತ್ತದೆ. ಎತ್ತುಗಳ ಗೊರಸಿಗೆ ಸವೆದು ನಡುವೆ ತೊಟ್ಟಿಯಂತೆ ತಗ್ಗಾಗಿದೆ. ಕೆಳಗಿನ ಛತ್ರದ ಗೋಡೆಯಲ್ಲಿ ಬೈರನಾಯಕನ ಶಾಸನವಿದೆ. ಪದುಮಾನದಿಯೆಂದೂ ಪದುಮಾಜಿಯ ಛತ್ರವೆಂದೂ ದುಂಡಗಿನ ಅಕ್ಷರಗಳಲ್ಲಿ ಅಂದವಾಗಿ ಕೊರೆದದ್ದನ್ನು ಹಳೆಯ ಲಿಪಿ ಬಲ್ಲವರು ಓದಿ ಹೇಳುತ್ತಾರೆ. ಅದರ ಅಡಿಯಲ್ಲಿ, ಯಾವನೋ ಹೇರಿನವನು ಎತ್ತಿನ ಗೂಟದ ಮೊನೆಯಿಂದಲೋ ಏನೋ ಕೆತ್ತಿದ, ಸೊಟ್ಟಸೊಟ್ಟಗಿನ ಎರಡೇ ಅಕ್ಷರಗಳಿವೆ. ಅದನ್ನು ಓದಲು ಲಿಪಿ ಬಲ್ಲವರು ಬೇಕಾಗಿಲ್ಲ. ಮಳೆಗೆ ಸಿಕ್ಕಿ ಬೈಕು ನಿಲ್ಲಿಸಿ ಒಳಗೆ ಓಡಿಬಂದವರು, ಮಕ್ಕಳಿಗೆ ಊಟ ಮಾಡಿಸಲು ಇಳಿದ ತಾಯಂದಿರು, ಬೆರಳಿನಿಂದ ಸವರಿ ಓದಿಕೊಂಡು, ಆ ಬಾಗಿಲಿಲ್ಲದ ಛತ್ರದ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತೇ ಮುಂದೆ ಹೋಗುತ್ತಾರೆ.